ಕಾಲ ಕಳೆದರೆ ಕಳವು ಕಳೆಯುವುದೇ?

ಅನ್ಯರಿಗೆ ಸೇರಿದ ನೆಲವೋ ಧನವೋ ಒಬ್ಬನ ವಶದಲ್ಲಿ ದೀರ್ಘಕಾಲ ಉಳಿದುಬಂದರೆ, ಆ ಕಾಲಾವಧಿಯೇ ಅವನಿಗೆ ಸ್ವಾಮ್ಯವನ್ನು ತಂದುಕೊಡಬಲ್ಲುದೇ? ಮೂಲ ಒಡೆಯನು ಮರೆತನು, ಇಲ್ಲವೆ ಮಡಿದನು, ಇಲ್ಲವೆ ದಾವೆ ಹೂಡುವ ಶಕ್ತಿಯಿಲ್ಲದೆ ಸುಮ್ಮನಾದನು ಎಂಬ ಮಾತ್ರಕ್ಕೆ ಪರರ ಸ್ವತ್ತು ತನ್ನ ಸ್ವತ್ತಾಗುವುದೇ? ಪ್ರಶ್ನೆ ಬಹಳ ಹಳೆಯದು. ಆದರೂ ಮನೆತನಗಳ ಪಾಲುಪತ್ರಗಳಲ್ಲಿ, ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ, ಬಸದಿಗಳ ಜಮೀನಿನ ಕಾಗದಗಳಲ್ಲಿ ಅದು ಇಂದಿಗೂ ತಲೆಯೆತ್ತುತ್ತಲೇ ಇದೆ. ಕಾನೂನು ಈ ಪ್ರಶ್ನೆಗೆ ವರ್ಷಗಳ ಲೆಕ್ಕದಲ್ಲಿ ಉತ್ತರ ಕೊಡುತ್ತದೆ. ಧರ್ಮವು ವರ್ಷಗಳನ್ನು ಎಣಿಸುವುದಿಲ್ಲ. ಅದು ಮನಸ್ಸನ್ನು ನೋಡುತ್ತದೆ.

ಇವೆರಡು ಉತ್ತರಗಳೂ ಮುಖಾಮುಖಿಯಾಗಿ ನಿಂತು, ಶತಮಾನಗಳ ಕಾಲ ವಾದಿಸಿ, ಕೊನೆಗೆ ಒಂದು ಬಗೆಯ ನಿರ್ಣಯಕ್ಕೆ ಬಂದ ಸ್ಪಷ್ಟ ನಿದರ್ಶನ ಯುರೋಪಿನ ಇತಿಹಾಸದಲ್ಲಿದೆ. ರೋಮನ್ ಕಾನೂನಿನ ಸಂಹಿತೆ ಮತ್ತು ಅದನ್ನು ಮಧ್ಯಯುಗದ ವಿದ್ವಾಂಸರು ಓದಿದ ಬಗೆ, ಇವೇ ಆ ನಿದರ್ಶನ. ಅಚೌರ್ಯಾಣುವ್ರತವನ್ನು ಕೈಗೊಂಡ ಶ್ರಾವಕನಿಗೆ ಈ ದೂರದೇಶದ ಚರಿತ್ರೆಯಿಂದ ಕಲಿಯಬೇಕಾದುದು ಸಾಕಷ್ಟಿದೆ.

ರೋಮನ್ನರ ವಿಚಾರ

ಕ್ರಿ.ಪೂ. 450ರ ಸುಮಾರಿಗೆ ರೂಪುಗೊಂಡ ಹನ್ನೆರಡು ಫಲಕಗಳ ಶಾಸನವು ರೋಮನ್ನರ ಮೊದಲ ಲಿಖಿತ ಕಾನೂನು. ಒಂದು ಭೂಮಿಯನ್ನು ಎರಡು ವರ್ಷ, ಇತರ ವಸ್ತುವನ್ನು ಒಂದು ವರ್ಷ ಎಡೆಬಿಡದೆ ಅನುಭವಿಸಿದವನು ಅದರ ಒಡೆಯನಾಗುವನೆಂಬ ನಿಯಮವನ್ನು ಆ ಶಾಸನದಲ್ಲಿಯೇ ಕಾಣಬಹುದು. ಇದನ್ನು ಅವರು ‘ಉಸುಕಾಪಿಯೊ’ ಎಂದು ಕರೆದರು. ಅನುಭೋಗದಿಂದ ದಕ್ಕಿಸಿಕೊಳ್ಳುವುದು ಎಂದು ಅದರ ತಾತ್ಪರ್ಯ. ಎರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಗಾಯಸ್‌ನು ಇದಕ್ಕೆ ಕೊಟ್ಟ ಕಾರಣ ಲೋಕಹಿತ. ಯಾವ ವಸ್ತು ಯಾರದೆಂಬುದು ಬಹುಕಾಲ ಅನಿಶ್ಚಿತವಾಗಿ ಉಳಿಯಬಾರದು. ತನ್ನ ವಸ್ತುವನ್ನು ಹುಡುಕಿಕೊಳ್ಳಲು ಒಡೆಯನಿಗೆ ಈ ಅವಧಿ ಸಾಕು ಎಂಬುದು ಅವನ ವಿವರಣೆ.

ಆದರೆ ಈ ನಿಯಮಕ್ಕೆ ರೋಮನ್ನರು ಆರಂಭದಿಂದಲೇ ಒಂದು ಬೇಲಿಯನ್ನು ಹಾಕಿದ್ದರು. ಕದ್ದ ವಸ್ತುವು ಎಷ್ಟು ಕಾಲ ಕೈಯಲ್ಲಿದ್ದರೂ ಸ್ವಂತವಾಗುತ್ತಿರಲಿಲ್ಲ. ಕಳ್ಳನಿಂದ ತಿಳಿಯದೆ ಕೊಂಡವನಿಗೂ ಅದು ದಕ್ಕುತ್ತಿರಲಿಲ್ಲ. ಮುಂದಿನ ಕಾಲದಲ್ಲಿ ಇನ್ನೆರಡು ನಿಬಂಧನೆಗಳು ಸೇರಿದವು. ವಸ್ತುವು ಕ್ರಯ, ದಾನ, ಉಯಿಲು ಮುಂತಾದ ಯಾವುದಾದರೊಂದು ನ್ಯಾಯವಾದ ಕಾರಣದಿಂದ ಕೈಗೆ ಬಂದಿರಬೇಕು. ಪಡೆದವನಲ್ಲಿ ಸದ್ಭಾವನೆ ಇರಬೇಕು. ಸದ್ಭಾವನೆ ಎಂದರೆ, ತಾನು ಪಡೆಯುತ್ತಿರುವುದು ಅನ್ಯರ ಹಕ್ಕಿಗೆ ಭಂಗ ತರುತ್ತಿಲ್ಲವೆಂಬ ಪ್ರಾಮಾಣಿಕ ನಂಬಿಕೆ.

ಇಲ್ಲಿಯವರೆಗೆ ಧರ್ಮಕ್ಕೂ ಕಾನೂನಿಗೂ ವಿರೋಧವಿಲ್ಲ. ವಿರೋಧವು ಮುಂದಿನ ಹೆಜ್ಜೆಯಲ್ಲಿ ಹುಟ್ಟುತ್ತದೆ. ಈ ಸದ್ಭಾವನೆಯು ಯಾವಾಗ ಇರಬೇಕು? ಪಡೆಯುವ ಗಳಿಗೆಯಲ್ಲಿ ಇದ್ದರೆ ಸಾಕು ಎಂದು ರೋಮನ್ ಪಂಡಿತರು ತೀರ್ಮಾನಿಸಿದರು. ಒಬ್ಬನು ಒಂದು ಹೊಲವನ್ನು ನಂಬಿಕೆಯಿಂದ ಕೊಂಡನೆಂದು ಭಾವಿಸೋಣ. ಆರು ತಿಂಗಳ ಬಳಿಕ, ಮಾರಿದವನು ಅದರ ನಿಜವಾದ ಒಡೆಯನಲ್ಲವೆಂದು ಅವನಿಗೆ ಖಚಿತವಾಗಿ ತಿಳಿಯುತ್ತದೆ. ಅವನು ಯಾರಿಗೂ ಹೇಳದೆ ಉಳುಮೆಯನ್ನು ಮುಂದುವರಿಸುತ್ತಾನೆ. ಅವಧಿ ತುಂಬುತ್ತದೆ. ರೋಮನ್ ಕಾನೂನಿನ ಪ್ರಕಾರ ಹೊಲವು ಅವನದಾಯಿತು. ನಡುವೆ ಬಂದ ಅರಿವು ಅವನಿಗೆ ಬಾಧಕವಲ್ಲ.

ಕಾಲಕ್ರಮದಲ್ಲಿ ಈ ಬೇಲಿಯೂ ಸಡಿಲವಾಯಿತು. 424ರಲ್ಲಿ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್‌ನು 30 ವರ್ಷ ಕಳೆದ ಮೇಲೆ ಸಾಮಾನ್ಯವಾಗಿ ಯಾವ ದಾವೆಯನ್ನೂ ಹೂಡುವಂತಿಲ್ಲವೆಂದು ವಿಧಿಸಿದನು. ವಶದಲ್ಲಿಟ್ಟುಕೊಂಡವನು ಸತ್ಯವಂತನೋ ವಂಚಕನೋ ಎಂಬ ವಿಚಾರಣೆಯೇ ಇಲ್ಲಿ ಇರಲಿಲ್ಲ. ಈ ನಿಯಮವು ವಂಚಕನನ್ನು ಒಡೆಯನೆಂದು ಘೋಷಿಸಲಿಲ್ಲ. ಒಡೆಯನ ಬಾಯನ್ನು ಮಾತ್ರ ಮುಚ್ಚಿಸಿತು.

ಜಸ್ಟಿನಿಯನ್‌ನ ಸಂಹಿತೆ

527ರಿಂದ 565ರವರೆಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಳಿದ ಜಸ್ಟಿನಿಯನ್‌ನು ಸಾವಿರ ವರ್ಷಗಳ ಕಾನೂನು ರಾಶಿಯನ್ನು ಒಂದು ಕ್ರಮಕ್ಕೆ ತರಲು ಸಂಕಲ್ಪಿಸಿದನು. 528ರಲ್ಲಿ ಹತ್ತು ಮಂದಿಯ ಸಮಿತಿಯನ್ನು ನೇಮಿಸಿ, 529ರಲ್ಲಿ ರಾಜಶಾಸನಗಳ ಮೊದಲ ಸಂಹಿತೆಯನ್ನು ಹೊರಡಿಸಿದನು. 530ರ ಡಿಸೆಂಬರಿನಲ್ಲಿ ಟ್ರಿಬೋನಿಯನ್‌ನ ನೇತೃತ್ವದಲ್ಲಿ ಇನ್ನೂ ದೊಡ್ಡ ಕಾರ್ಯ ಆರಂಭವಾಯಿತು. ಹಿಂದಿನ ನ್ಯಾಯಪಂಡಿತರು ಬರೆದ ಸುಮಾರು 2,000 ಪುಸ್ತಕಗಳನ್ನು, ಎಂದರೆ 30 ಲಕ್ಷ ಸಾಲುಗಳನ್ನು, ಓದಿ ಒಂದೂವರೆ ಲಕ್ಷ ಸಾಲುಗಳಿಗೆ ಇಳಿಸಿದುದಾಗಿ ಚಕ್ರವರ್ತಿಯೇ ಹೇಳಿಕೊಂಡಿದ್ದಾನೆ. 50 ಭಾಗಗಳ ಈ ಸಂಗ್ರಹವೇ ‘ಡೈಜೆಸ್ಟ್’. ಅದು 533ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗಾಗಿ ‘ಇನ್‌ಸ್ಟಿಟ್ಯೂಟ್ಸ್’ ಎಂಬ ಕಿರುಗ್ರಂಥವೂ ಅದೇ ವರ್ಷ ಸಿದ್ಧವಾಯಿತು. 534ರಲ್ಲಿ ಪರಿಷ್ಕೃತ ಶಾಸನ ಸಂಹಿತೆ 12 ಭಾಗಗಳಲ್ಲಿ ಬಂದಿತು.

ಈ ಮಹಾಕಾರ್ಯದ ಮುಖ್ಯಸ್ಥನಾದ ಟ್ರಿಬೋನಿಯನ್‌ನು ಹಣಕ್ಕಾಗಿ ಕಾನೂನನ್ನು ಮಾರುತ್ತಿದ್ದನೆಂದು ಸಮಕಾಲೀನ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. 532ರ ಜನವರಿಯಲ್ಲಿ ನಗರದಲ್ಲಿ ಎದ್ದ ದೊಡ್ಡ ದಂಗೆಯ ಬೇಡಿಕೆಗಳಲ್ಲಿ ಅವನ ಪದಚ್ಯುತಿಯೂ ಒಂದಾಗಿತ್ತು. ಅವನನ್ನು ತೆಗೆದು ಮತ್ತೆ ನೇಮಿಸಲಾಯಿತು. ನ್ಯಾಯದ ಗ್ರಂಥವನ್ನು ಸಂಪಾದಿಸುವುದು ಬೇರೆ, ನ್ಯಾಯವಂತನಾಗಿ ಬದುಕುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಆ ಗ್ರಂಥದೊಳಗೂ ಇಂಥದೇ ಎರಡು ದನಿಗಳಿವೆ. ಗೌರವದಿಂದ ಬಾಳುವುದು, ಯಾರಿಗೂ ನೋವುಂಟುಮಾಡದಿರುವುದು, ಅವರವರಿಗೆ ಸಲ್ಲತಕ್ಕುದನ್ನು ಅವರವರಿಗೆ ಸಲ್ಲಿಸುವುದು ಎಂಬ ಮೂರನ್ನು ಕಾನೂನಿನ ಮೂಲಸೂತ್ರಗಳೆಂದು ಅದು ಸಾರುತ್ತದೆ. ಜೈನ ಓದುಗನಿಗೆ ಇದರಲ್ಲಿ ಅಹಿಂಸೆ ಮತ್ತು ಅಚೌರ್ಯಗಳ ಧ್ವನಿ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಗ್ರಂಥವು ದಾಸ್ಯವನ್ನು ಪ್ರಕೃತಿಗೆ ವಿರುದ್ಧವೆಂದು ಒಪ್ಪಿಕೊಂಡೂ ದಾಸರ ಕ್ರಯವಿಕ್ರಯಕ್ಕೆ ನಿಯಮಗಳನ್ನು ವಿಧಿಸುತ್ತದೆ. ಡೈಜೆಸ್ಟಿನ ಕೊನೆಯ ಅಧ್ಯಾಯವು ಹಳೆಯ ನ್ಯಾಯಸೂತ್ರಗಳ ಸಂಗ್ರಹ. ಕಾನೂನು ಅನುಮತಿಸಿದುದೆಲ್ಲವೂ ಗೌರವಾರ್ಹವಲ್ಲ ಎಂಬರ್ಥದ ಪೌಲಸ್‌ನ ಮಾತು ಅಲ್ಲಿದೆ. ಅನುಭೋಗದ ಅಧ್ಯಾಯವಾದರೋ, ನಡುವೆ ಬಂದ ಅರಿವು ಬಾಧಕವಲ್ಲವೆಂಬ ಹಳೆಯ ನಿಲುವನ್ನೇ ಉಳಿಸಿಕೊಂಡಿದೆ. ಒಂದೇ ಗ್ರಂಥದ ಈ ಎರಡು ಮಾತುಗಳನ್ನು ಹೊಂದಿಸುವ ಹೊಣೆಯನ್ನು ಜಸ್ಟಿನಿಯನ್‌ನು ಯಾರಿಗೂ ವಹಿಸಲಿಲ್ಲ. ಸಾಲದುದಕ್ಕೆ ಗ್ರಂಥಕ್ಕೆ ಭಾಷ್ಯ ಬರೆಯುವುದನ್ನೇ ನಿಷೇಧಿಸಿದನು.

ಅವಧಿಗಳನ್ನು ಅವನು ಹೆಚ್ಚಿಸಿದನೆಂಬುದು ನಿಜ. ಚರ ವಸ್ತುಗಳಿಗೆ 3 ವರ್ಷ. ಭೂಮಿಗೆ, ಉಭಯ ಪಕ್ಷದವರೂ ಒಂದೇ ಪ್ರಾಂತದಲ್ಲಿದ್ದರೆ 10 ವರ್ಷ, ಬೇರೆ ಪ್ರಾಂತಗಳಲ್ಲಿದ್ದರೆ 20 ವರ್ಷ. ಚರ್ಚು, ಅನಾಥಾಲಯ, ಧರ್ಮಶಾಲೆಗಳಂತಹ ಧರ್ಮಸಂಸ್ಥೆಗಳ ಆಸ್ತಿಗೆ ಮೊದಲು 100 ವರ್ಷಗಳ ರಕ್ಷಣೆ ಕೊಟ್ಟು, 541ರಲ್ಲಿ ಅದನ್ನು 40 ವರ್ಷಗಳಿಗೆ ಇಳಿಸಿದನು. ಅಂಕೆಗಳು ಬದಲಾದವು. ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಮಠದ ಜಮೀನೊಂದರ ವ್ಯಾಜ್ಯ

ಪಶ್ಚಿಮ ಯುರೋಪಿನಲ್ಲಿ ಡೈಜೆಸ್ಟ್ ಗ್ರಂಥವು ಬಹುಕಾಲ ಕಣ್ಮರೆಯಾಗಿತ್ತು. 603ರಲ್ಲಿ ಪೋಪ್ ಗ್ರೆಗರಿಯ ಪತ್ರವೊಂದರಲ್ಲಿ ಅದರ ಉಲ್ಲೇಖ ಬಂದ ನಂತರ ಸುಮಾರು ಐದು ಶತಮಾನಗಳ ಕಾಲ ನ್ಯಾಯಾಲಯಗಳಲ್ಲಿ ಅದರ ಸುಳಿವು ಸಿಗುವುದಿಲ್ಲ. ಅದು ಮತ್ತೆ ಕಾಣಿಸಿಕೊಂಡುದು 1076ರಲ್ಲಿ, ಇಟಲಿಯ ತಸ್ಕನಿ ಪ್ರದೇಶದ ಮಾರ್ತೂರಿ ಎಂಬಲ್ಲಿನ ತೀರ್ಪಿನಲ್ಲಿ. ಆ ವ್ಯಾಜ್ಯದ ವಿಷಯವು ಇಲ್ಲಿ ಚರ್ಚಿಸುತ್ತಿರುವ ವಿಷಯವೇ ಆಗಿದೆ.

ಅಲ್ಲಿನ ಸಂತ ಮೈಕೇಲನ ಮಠವು ತನಗೆ ದತ್ತಿಯಾಗಿ ಬಂದಿದ್ದ ಆಸ್ತಿಯೊಂದನ್ನು ಮರಳಿ ಕೇಳಿತು. ಪ್ರತಿವಾದಿಯಾದ ಫ್ಲಾರೆನ್ಸಿನ ಸಿಗಿಜೊ ಎಂಬುವನು, ಅದು 40 ವರ್ಷಗಳಿಗೂ ಮೀರಿ ತನ್ನ ಮತ್ತು ತನ್ನ ತಂದೆಯ ವಶದಲ್ಲಿತ್ತು, ಆದುದರಿಂದ ಮಠದ ಹಕ್ಕು ಮುಗಿದಿದೆ ಎಂದು ವಾದಿಸಿದನು. ತಸ್ಕನಿಯ ಒಡತಿ ಬಿಯಾತ್ರಿಸಳ ಪ್ರತಿನಿಧಿ ನೊರ್ಡಿಲ್ಲುಸ್‌ನು ವಿಚಾರಣೆ ನಡೆಸಿದನು. ಪೆಪೊ ಎಂಬ ಕಾನೂನು ಪಂಡಿತನು ಸಭೆಯಲ್ಲಿದ್ದನು. ದೂರು ಹೇಳಿಕೊಳ್ಳಲು ನ್ಯಾಯಾಧಿಕಾರಿ ದೊರೆಯದೆ ಹೋದವನಿಗೆ ಅವನ ಹಕ್ಕನ್ನು ಪೂರ್ವಸ್ಥಿತಿಗೆ ಮರಳಿಸಬೇಕೆಂಬ ಡೈಜೆಸ್ಟಿನ ನಿಯಮವನ್ನು ಸಭೆಯಲ್ಲಿ ಮುಂದಿಡಲಾಯಿತು. ಆ ಅವಧಿಯಲ್ಲಿ ಮಠಕ್ಕೆ ನ್ಯಾಯ ಕೇಳಲು ಅವಕಾಶವಿರಲಿಲ್ಲವೆಂದು ಮನಗಂಡು ತೀರ್ಪು ಮಠದ ಪರವಾಯಿತು.

ಈ ತೀರ್ಪಿನ ಹಿರಿಮೆ ಮಠವು ಗೆದ್ದುದರಲ್ಲಿ ಇಲ್ಲ. ಸುಮ್ಮನಿದ್ದವನು ಏಕೆ ಸುಮ್ಮನಿದ್ದನು ಎಂಬ ಪ್ರಶ್ನೆಯನ್ನು ಅದು ಕೇಳಿತು. ಮೌನವೆಲ್ಲವೂ ಸಮ್ಮತಿಯಲ್ಲ. ಬಡತನ, ಅಜ್ಞಾನ, ಭಯ, ದೂರ, ವೈಧವ್ಯ, ಎಳೆಯ ವಯಸ್ಸು, ಇವುಗಳಿಂದಲೂ ಮನುಷ್ಯರು ಮೌನವಾಗುತ್ತಾರೆ. ಕಾಲಗಣನೆಯ ಕಾನೂನು ಮೌನವನ್ನು ಎಣಿಸುತ್ತದೆ. ಮೌನದ ಕಾರಣವನ್ನು ಕೇಳುವುದು ನ್ಯಾಯ.

ಇದಾದ ಒಂದೆರಡು ತಲೆಮಾರುಗಳಲ್ಲಿ ಬೊಲೋನ್ಯಾ ನಗರದಲ್ಲಿ ಇರ್ನೇರಿಯಸ್ ಮತ್ತು ಅವನ ಶಿಷ್ಯಪರಂಪರೆ ಜಸ್ಟಿನಿಯನ್‌ನ ಗ್ರಂಥಗಳ ಅಧ್ಯಯನವನ್ನು ಆರಂಭಿಸಿತು. ಅವರ ಟಿಪ್ಪಣಿಗಳನ್ನು ಹದಿಮೂರನೆಯ ಶತಮಾನದಲ್ಲಿ ಅಕ್ಕುರ್ಸಿಯಸ್‌ನು ಒಟ್ಟುಗೂಡಿಸಿದಾಗ ಅವುಗಳ ಸಂಖ್ಯೆ 96 ಸಾವಿರವನ್ನು ಮೀರಿತ್ತು. ಭಾಷ್ಯವನ್ನು ನಿಷೇಧಿಸಿದ ಗ್ರಂಥವೇ ಭಾಷ್ಯಗಳ ಬಲದಿಂದ ಯುರೋಪಿನ ಕಾನೂನಾಯಿತು. ಅದೇ ಬೊಲೋನ್ಯಾದಲ್ಲಿ 1140ರ ಸುಮಾರಿಗೆ ಗ್ರೇಶಿಯನ್‌ನು ಚರ್ಚಿನ ನಿಯಮಗಳನ್ನು ಸಂಗ್ರಹಿಸಿದನು. ಒಂದೇ ಊರಿನ ಎರಡು ಪಾಠಶಾಲೆಗಳಲ್ಲಿ ಒಂದು ರಾಜನ ಕಾನೂನನ್ನೂ ಮತ್ತೊಂದು ಅಂತಃಸಾಕ್ಷಿಯ ಕಾನೂನನ್ನೂ ಬೋಧಿಸತೊಡಗಿದವು.

1215ರ ನಿರ್ಣಯ

ಚರ್ಚಿನ ಪಂಡಿತರಿಗೆ ರೋಮನ್ ನಿಯಮದಲ್ಲಿ ಒಂದು ಮುಳ್ಳು ಕಂಡಿತು. ಹೊಲವು ಅನ್ಯರದೆಂದು ತಿಳಿದ ಮೇಲೂ ಅದನ್ನು ಉಳಿಸಿಕೊಂಡವನು ನ್ಯಾಯಾಲಯದಲ್ಲಿ ಒಡೆಯ. ಪಾಪನಿವೇದನೆಗೆಂದು ಗುರುವಿನ ಮುಂದೆ ಮೊಣಕಾಲೂರಿದಾಗ ಅವನು ಯಾರು? ಅಲ್ಲಿ ಅವನು ಪರಸ್ವವನ್ನು ಹಿಡಿದಿಟ್ಟುಕೊಂಡವನು. ಒಬ್ಬನೇ ಮನುಷ್ಯನು ಒಂದೇ ಹೊಲದ ವಿಷಯದಲ್ಲಿ ಒಂದು ಕಟ್ಟಡದಲ್ಲಿ ನಿರ್ದೋಷಿ, ಪಕ್ಕದ ಕಟ್ಟಡದಲ್ಲಿ ಅಪರಾಧಿ ಆಗಬಹುದೇ?

ಮೂರನೆಯ ಅಲೆಕ್ಸಾಂಡರ್ ಪೋಪನ ಕಾಲದಲ್ಲಿಯೇ ಈ ವಿಷಯದಲ್ಲಿ ನಿಲುವು ಗಟ್ಟಿಯಾಗತೊಡಗಿತ್ತು. 1215ರಲ್ಲಿ ಮೂರನೆಯ ಇನ್ನೊಸೆಂಟ್ ಕರೆದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ತನ್ನ 41ನೆಯ ನಿಯಮದಲ್ಲಿ ಸ್ಪಷ್ಟ ತೀರ್ಮಾನ ಕೊಟ್ಟಿತು. ಸದ್ಭಾವನೆಯಿಲ್ಲದ ಕಾಲಾವಧಿಗೆ ಚರ್ಚಿನ ಕಾನೂನಿನಲ್ಲಾಗಲಿ ರಾಜನ ಕಾನೂನಿನಲ್ಲಾಗಲಿ ಬೆಲೆಯಿಲ್ಲ; ಕಾಲದ ಬಲದಿಂದ ಸ್ವಾಮ್ಯ ಪಡೆಯುವವನಿಗೆ ಆ ಅವಧಿಯ ಯಾವ ಭಾಗದಲ್ಲಿಯೂ ವಸ್ತುವು ಅನ್ಯರದೆಂಬ ಅರಿವು ಇರಕೂಡದು. ಪಾಪವಿಲ್ಲದೆ ಪಾಲಿಸಲಾಗದ ಕಾನೂನು ಅಥವಾ ರೂಢಿಯನ್ನು ಬದಿಗಿಡಬೇಕೆಂಬುದು ಇದರ ಹಿಂದಿನ ತರ್ಕ. 1234ರಲ್ಲಿ ಈ ನಿಯಮವು ಚರ್ಚಿನ ಅಧಿಕೃತ ಸಂಹಿತೆಯನ್ನು ಸೇರಿತು. 1298ರ ಮತ್ತೊಂದು ಸಂಹಿತೆಯ ಕೊನೆಯಲ್ಲಿ 88 ನ್ಯಾಯಸೂತ್ರಗಳಿವೆ. ದುರ್ಭಾವನೆಯ ಸ್ವಾಧೀನಕ್ಕೆ ಯಾವ ಕಾಲವೂ ಹಕ್ಕು ಕೊಡದೆಂಬುದು ಅವುಗಳಲ್ಲಿ ಎರಡನೆಯದರ ಸಾರ. ಕಿತ್ತುಕೊಂಡುದನ್ನು ಹಿಂದಿರುಗಿಸದೆ ಪಾಪವು ಕ್ಷಮಿಸಲ್ಪಡದೆಂಬುದು ನಾಲ್ಕನೆಯದರ ಸಾರ.

ರೋಮನ್ ಕಾನೂನಿಗೂ ಈ ನಿರ್ಣಯಕ್ಕೂ ಇರುವ ಅಂತರವನ್ನು ಗಮನಿಸಬೇಕು. ಪರಸ್ವವನ್ನು ಪಡೆಯುವುದು ಒಂದು ಗಳಿಗೆಯ ಕೃತ್ಯವೆಂದು ರೋಮನ್ನರು ಎಣಿಸಿದರು. ಆ ಗಳಿಗೆಯಲ್ಲಿ ಮನಸ್ಸು ಶುದ್ಧವಾಗಿದ್ದರೆ ಉಳಿದ ಕೆಲಸ ಕಾಲದ್ದು. ಮಧ್ಯಯುಗದ ಧರ್ಮಪಂಡಿತರಾದರೋ ವಶದಲ್ಲಿಟ್ಟುಕೊಳ್ಳುವುದನ್ನೇ ದಿನದಿನವೂ ನಡೆಯುವ ಕೃತ್ಯವೆಂದು ಕಂಡರು. ತಿಳಿದ ಮರುದಿನ ಹಿಂದಿರುಗಿಸದವನು ಆ ದಿನ ಹೊಸದಾಗಿ ತೆಗೆದುಕೊಂಡಂತೆ. ಹೀಗಿರುವಾಗ ಕಾಲವು ದೋಷವನ್ನು ತೊಳೆಯುವುದೆಂತು? ಕಾಲ ಕಳೆದಷ್ಟೂ ದೋಷದ ಲೆಕ್ಕ ಬೆಳೆಯುತ್ತದೆ.

ಎದುರು ಪಕ್ಷದ ಮಾತು

ಆದರೆ ಎದುರು ಪಕ್ಷವನ್ನು ಕೇಳದೆ ನಿರ್ಣಯಿಸುವುದು ಅನೇಕಾಂತ ದೃಷ್ಟಿಗೆ ಸಲ್ಲದು. ಕಾಲಮಿತಿಯ ಕಾನೂನನ್ನು ವಂಚಕರ ಆಸರೆಯೆಂದು ಮಾತ್ರ ತಿಳಿದರೆ ತಪ್ಪಾದೀತು. ಸಾಕ್ಷಿಗಳು ಸಾಯುತ್ತಾರೆ, ಪತ್ರಗಳು ಗೆದ್ದಲು ಹಿಡಿಯುತ್ತವೆ. ನೂರು ವರ್ಷಗಳ ಹಿಂದಿನ ಮಾತನ್ನು ಎತ್ತಿಕೊಂಡು ಯಾರು ಬೇಕಾದರೂ ದಾವೆ ಹೂಡಬಹುದಾದರೆ ಯಾವ ಕುಟುಂಬವೂ ನೆಮ್ಮದಿಯಿಂದ ಮಲಗಲಾರದು. ಸುಳ್ಳು ಹಕ್ಕುದಾರರ ಬಾಯಿಗೂ ಬೀಗ ಬೇಕು. ಅಜ್ಜನ ತಪ್ಪನ್ನು ಅರಿಯದ ಮೊಮ್ಮಗನು ಆ ನೆಲದಲ್ಲಿ ಬಾವಿ ತೋಡಿ, ಮನೆ ಕಟ್ಟಿ, ಬದುಕು ಹೂಡಿರುತ್ತಾನೆ. ಅವನನ್ನು ಎಬ್ಬಿಸುವುದೂ ಹಿಂಸೆಯೇ.

ಈ ವಾದವು ಬಲವಾದುದು. ಮಧ್ಯಯುಗದ ಪಂಡಿತರೂ ಅದನ್ನು ತಳ್ಳಿಹಾಕಲಿಲ್ಲ. ಕಾಲಾವಧಿಯ ನಿಯಮವನ್ನು ಅವರು ಉಳಿಸಿಕೊಂಡೇ ಸದ್ಭಾವನೆಯ ನಿಬಂಧನೆಯನ್ನು ವಿಸ್ತರಿಸಿದರು. ಅರಿಯದ ಮೊಮ್ಮಗನಿಗೆ ರಕ್ಷಣೆ ಸಿಕ್ಕಿತು, ಅರಿತ ಅಜ್ಜನಿಗೆ ಸಿಗಲಿಲ್ಲ. ನೆಮ್ಮದಿಯ ಹೆಸರಿನಲ್ಲಿ ಹೇಳಬಹುದಾದ ಯಾವ ಮಾತೂ ತಿಳಿದೂ ತಿಳಿದೂ ಉಳಿಸಿಕೊಂಡವನ ಪರವಾಗಿ ಹೇಳಿದುದಾಗುವುದಿಲ್ಲ. ಅವನ ನೆಮ್ಮದಿಯನ್ನು ಕೆಡಿಸುವುದು ಎದುರಾಳಿಯಲ್ಲ, ಅವನ ಅರಿವೇ.

ಇನ್ನೊಂದು ಆಕ್ಷೇಪವೂ ಉಂಟು. ಅಪಾರ ಭೂಮಿಯ ಒಡೆತನವಿದ್ದ ಚರ್ಚು ಇತರರಿಗೆ ಸದ್ಭಾವನೆಯನ್ನು ಬೋಧಿಸಿತು. ತನ್ನ ಆಸ್ತಿಗೆ ಮಾತ್ರ ದೀರ್ಘತರ ರಕ್ಷಣೆಯನ್ನು ಕಾಯ್ದುಕೊಂಡಿತು. ರೋಮಿನ ಚರ್ಚಿನ ವಿರುದ್ಧ 100 ವರ್ಷ ಕಳೆದಲ್ಲದೆ ಕಾಲಾವಧಿಯ ವಾದ ಸಲ್ಲುತ್ತಿರಲಿಲ್ಲ. ನಿಯಮದ ಸತ್ಯಕ್ಕೆ ಇದರಿಂದ ಕುಂದಿಲ್ಲ. ಆದರೆ ಧರ್ಮಸಂಸ್ಥೆಗಳಿಗೆ ಇದು ಎಚ್ಚರಿಕೆ. ತನ್ನ ಜಮೀನನ್ನು ಒತ್ತುವರಿ ಮಾಡಿದವನಿಗೆ ಪಾಪಭೀತಿಯನ್ನು ಹೇಳುವ ಸಂಸ್ಥೆಯು, ತನ್ನ ವಶದಲ್ಲಿರುವ ಪರಸ್ವದ ವಿಷಯದಲ್ಲಿಯೂ ಅದೇ ಅಳತೆಗೋಲನ್ನು ಹಿಡಿಯಬೇಕು.

ಇಂದಿನ ಕಾನೂನು

ಈ ಎರಡು ಧಾರೆಗಳೂ ಆಧುನಿಕ ಕಾನೂನುಗಳಲ್ಲಿ ಹರಿದುಬಂದಿವೆ. ಫ್ರಾನ್ಸಿನ ಸಂಹಿತೆಯಲ್ಲಿ ರೋಮನ್ನರ ನಿಲುವಿದೆ. ಪಡೆಯುವ ಗಳಿಗೆಯ ಸದ್ಭಾವನೆ ಅಲ್ಲಿ ಸಾಕು, 30 ವರ್ಷ ಕಳೆದರೆ ಅದರ ಅಗತ್ಯವೂ ಇಲ್ಲ. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಂಹಿತೆಯಲ್ಲಿ, ಚರ ವಸ್ತುವನ್ನು 10 ವರ್ಷ ಅನುಭವಿಸಿದವನಿಗೂ ನಡುವೆ ಸತ್ಯ ತಿಳಿದುಬಂದರೆ ಸ್ವಾಮ್ಯವಿಲ್ಲ. ಇಲ್ಲಿ 1215ರ ನಿರ್ಣಯದ ಮುದ್ರೆಯಿದೆ.

ಭಾರತದ ಕಾನೂನು ಇಂಗ್ಲೆಂಡಿನ ಮಾರ್ಗವಾಗಿ ಬಂದುದು. 1963ರ ಕಾಲಮಿತಿ ಕಾಯ್ದೆಯಂತೆ ಖಾಸಗಿ ಭೂಮಿಗೆ 12 ವರ್ಷ, ಸರ್ಕಾರಿ ಭೂಮಿಗೆ 30 ವರ್ಷ. ಇಲ್ಲಿ ಸದ್ಭಾವನೆಯ ನಿಬಂಧನೆಯೇ ಇಲ್ಲ. ಪ್ರತಿಕೂಲ ಸ್ವಾಧೀನವನ್ನು ವಾದಿಸುವವನು, ನಿಜವಾದ ಒಡೆಯನ ಹಕ್ಕಿಗೆ ವಿರುದ್ಧವಾಗಿಯೇ ತಾನು ಭೂಮಿಯನ್ನು ಹಿಡಿದಿದ್ದೆನೆಂದು ತೋರಿಸಬೇಕು. ರೋಮನ್ನರು ಕೇಳಿದ ಪ್ರಾಮಾಣಿಕ ನಂಬಿಕೆಗೆ ಇದು ತಿರುವುಮುರುವು. ಇಂತಹ ವಾದಿಗೆ ನ್ಯಾಯದ ಸಹಾನುಭೂತಿ ಸಲ್ಲದೆಂದು ಕರ್ನಾಟಕದ ಪ್ರಕರಣವೊಂದರಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2008ರ ಮತ್ತೊಂದು ತೀರ್ಪಿನಲ್ಲಿ ಈ ಕಾನೂನನ್ನು ತರ್ಕಹೀನವೆಂದು ಟೀಕಿಸಿ, ಸರ್ಕಾರವು ಮರುಪರಿಶೀಲಿಸಬೇಕೆಂದು ಸೂಚಿಸಿತು. ಆದರೆ ಭಾರತದ ಕಾನೂನು ಆಯೋಗವು 2023ರ ತನ್ನ 280ನೆಯ ವರದಿಯಲ್ಲಿ ಬದಲಾವಣೆ ಅಗತ್ಯವಿಲ್ಲವೆಂದು ಅಭಿಪ್ರಾಯಪಟ್ಟಿತು.

ಆದುದರಿಂದ ಕಾನೂನು ತನ್ನ ದಾರಿಯಲ್ಲಿ ಮುಂದುವರಿಯುತ್ತದೆ. ಆದರೂ ಒಂದು ಬಾಗಿಲನ್ನು ಅದು ತೆರೆದೇ ಇಟ್ಟಿದೆ. ಪ್ರತಿಕೂಲ ಸ್ವಾಧೀನದ ವಾದವನ್ನು ಪಕ್ಷಗಾರನು ತಾನಾಗಿ ಎತ್ತಬೇಕು. ಎತ್ತದಿದ್ದರೆ ನ್ಯಾಯಾಲಯವು ಅದನ್ನು ಅವನ ಮೇಲೆ ಹೇರುವುದಿಲ್ಲ. ಸಾಲದ ವಿಷಯದಲ್ಲಿಯೂ ಒಂದು ಬಾಗಿಲಿದೆ. ವಾಯಿದೆ ಮೀರಿದ ಸಾಲವನ್ನು ತೀರಿಸುವೆನೆಂದು ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ ಆ ಮಾತು ಊರ್ಜಿತವೆಂದು 1872ರ ಕರಾರು ಕಾಯ್ದೆಯ 25ನೆಯ ಪ್ರಕರಣ ಹೇಳುತ್ತದೆ. ಮುಗಿದುದು ವಸೂಲಿಯ ದಾರಿ, ಋಣವಲ್ಲ. ಕಾನೂನು ಗುರಾಣಿಯನ್ನು ಒದಗಿಸುತ್ತದೆ. ಅದನ್ನು ಎತ್ತಿ ಹಿಡಿಯಬೇಕೋ ಬೇಡವೋ ಎಂಬುದು ಮನುಷ್ಯನಿಗೆ ಬಿಟ್ಟ ವಿಷಯ. ವ್ರತದ ಪರೀಕ್ಷೆ ನಡೆಯುವುದು ಆ ಸ್ಥಳದಲ್ಲಿಯೇ.

ಅಚೌರ್ಯದ ದೃಷ್ಟಿ

ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ಆಚಾರ್ಯ ಉಮಾಸ್ವಾಮಿಗಳ ನಿರೂಪಣೆ. ಪ್ರಮಾದದ ಯೋಗವು ಅದರಲ್ಲಿ ಅಡಕವಾಗಿದೆಯೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಎಚ್ಚರದಿಂದ ವಿಚಾರಿಸಿಯೂ ಸತ್ಯವು ತಿಳಿಯದೆ ಅನ್ಯರ ವಸ್ತುವನ್ನು ಅನುಭವಿಸಿದವನಲ್ಲಿ ಕಳವಿನ ದೋಷವನ್ನು ಹೇಳಲಾಗದು. ಎರಡನೆಯದಾಗಿ, ವಿಚಾರಿಸದೆ ಉಳಿದ ಅಜ್ಞಾನವು ರಕ್ಷಣೆಯಲ್ಲ. ಹಳೆಯ ಕಡತವನ್ನು ತೆರೆದರೆ ಏನು ಸಿಕ್ಕೀತೋ ಎಂದು ಅದನ್ನು ಕಟ್ಟಿಯೇ ಇಡುವುದು ಅಜ್ಞಾನವಲ್ಲ, ಪ್ರಮಾದ. ಈ ಅಂಶದಲ್ಲಿ ಜೈನ ವಿಚಾರವು ಲ್ಯಾಟರನ್ ನಿರ್ಣಯಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ. ಅದು ತಿಳಿದವನನ್ನು ಪ್ರಶ್ನಿಸಿತು. ಇದು ತಿಳಿಯಬಹುದಾಗಿದ್ದೂ ತಿಳಿಯಲೊಲ್ಲದವನನ್ನೂ ಪ್ರಶ್ನಿಸುತ್ತದೆ.

ಅನ್ಯರು ಇಟ್ಟ, ಬೀಳಿಸಿಕೊಂಡ, ಮರೆತ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದೂ ಮತ್ತೊಬ್ಬರಿಗೆ ಕೊಡದಿರುವುದೂ ಅಚೌರ್ಯಾಣುವ್ರತವೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಮರೆತ ವಸ್ತು ಎಂಬ ಮಾತು ಇಲ್ಲಿ ಮುಖ್ಯ. ಒಡೆಯನ ಮರೆವಿನ ಮೇಲೆಯೇ ಕಾಲಾವಧಿಯ ಕಾನೂನು ನಿಂತಿದೆ. ವ್ರತವಾದರೋ ಆ ಮರೆವಿನ ಲಾಭ ಪಡೆಯುವುದನ್ನೇ ನಿಷೇಧಿಸುತ್ತದೆ. ಮತ್ತೊಬ್ಬರಿಗೆ ಕೊಡಬಾರದೆಂಬುದೂ ಅಷ್ಟೇ ಮುಖ್ಯ. ಸಂಶಯದ ಆಸ್ತಿಯನ್ನು ಬಸದಿಗೆ ದಾನ ಬರೆದುಕೊಟ್ಟು ಮನಸ್ಸಿನ ಭಾರ ಇಳಿಸಿಕೊಳ್ಳಲು ಬರುವುದಿಲ್ಲ. ತನ್ನದಲ್ಲದುದು ದಾನಕ್ಕೆ ಅರ್ಹವೇ ಅಲ್ಲ.

ಹಾಗೆಂದು ರಾಜ್ಯದ ಕಾನೂನು ತೃಣಸಮಾನವೆಂದು ಅರ್ಥವಲ್ಲ. ವಿರುದ್ಧರಾಜ್ಯಾತಿಕ್ರಮವನ್ನು ಈ ವ್ರತದ ಅತಿಚಾರಗಳಲ್ಲಿಯೇ ಎಣಿಸಲಾಗಿದೆ. ಕಾನೂನನ್ನು ಮೀರುವುದು ದೋಷ. ಕಾನೂನಿನೊಳಗೆ ಇದ್ದ ಮಾತ್ರಕ್ಕೆ ನಿರ್ದೋಷವೆನ್ನುವುದು ಭ್ರಮೆ. ಕಾನೂನು ಕೆಳಗಿನ ಮಿತಿ, ವ್ರತವು ಅದಕ್ಕಿಂತ ಮೇಲಿನದು.

ಈ ವಿಚಾರವು ಕಠಿಣವಾಗುವುದು ಟ್ರಸ್ಟುಗಳ ಸಂದರ್ಭದಲ್ಲಿ. ಒಂದು ಬಸದಿಯ ಪಾಠಶಾಲೆಯು 40 ವರ್ಷಗಳಿಂದ ಒಂದು ನಿವೇಶನದಲ್ಲಿ ನಡೆಯುತ್ತಿದೆಯೆಂದು ಭಾವಿಸಬಹುದು. ಆ ನಿವೇಶನದ ಒಂದು ಭಾಗವು ನೆರೆಯ ಬಡ ಕುಟುಂಬದ್ದೆಂದು ಹಳೆಯ ಪತ್ರವೊಂದರಿಂದ ಧರ್ಮದರ್ಶಿಗಳಿಗೆ ತಿಳಿಯುತ್ತದೆ. ದಾವೆ ಬಂದರೂ ಕಾನೂನು ಟ್ರಸ್ಟಿನ ಕಡೆಗಿದೆ. ಧರ್ಮದರ್ಶಿಯು ಆಸ್ತಿಯ ಒಡೆಯನಲ್ಲ, ಕಾಯುವವನು. ತನ್ನ ಸ್ವಂತದ್ದನ್ನು ಬಿಟ್ಟುಕೊಡುವಂತೆ ಸಂಸ್ಥೆಯದನ್ನು ಬಿಟ್ಟುಕೊಡಲು ಅವನಿಗೆ ಸ್ವಾತಂತ್ರ್ಯವಿಲ್ಲ. ಹಾಗಾದರೆ ಸಂಸ್ಥೆಯ ಹಿತವೆಂಬ ಕಾರಣದಿಂದ ಪತ್ರವನ್ನು ಮತ್ತೆ ಪೆಟ್ಟಿಗೆಗೆ ಹಾಕುವುದೇ ಅವನ ಕರ್ತವ್ಯವೇ?

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಕರ್ಮವು ಆಸ್ರವಿಸುವುದೆಂಬ ತತ್ತ್ವವನ್ನು ಇಲ್ಲಿ ನೆನೆಯಬೇಕು. ಸಭೆಯಲ್ಲಿ ಕೈಯೆತ್ತಿದವನೂ, ತಿಳಿದೂ ಸುಮ್ಮನೆ ಕುಳಿತವನೂ ಅನುಮೋದಿಸಿದವನೇ. ಸಂಸ್ಥೆಗೆ ಆತ್ಮವಿಲ್ಲ, ಅದರ ಸದಸ್ಯರಿಗೆ ಇದೆ. ಸಂಸ್ಥೆಯ ಹಿತವೆಂದರೆ ಅದರ ವಿಸ್ತೀರ್ಣವಷ್ಟೇ ಅಲ್ಲ. ಅಚೌರ್ಯವನ್ನು ಬೋಧಿಸುವ ಪಾಠಶಾಲೆಯು ಪರರ ನೆಲದ ಮೇಲೆ ನಿಂತಿರುವುದು ಅದರ ಹಿತವಲ್ಲ. ಆದುದರಿಂದ ಧರ್ಮದರ್ಶಿಯು ತಾನೊಬ್ಬನೇ ಬಿಟ್ಟುಕೊಡಬೇಕಿಲ್ಲ. ವಿಷಯವನ್ನು ಸಭೆಯ ಮುಂದಿಟ್ಟು, ಕಾನೂನು ವಿಧಿಸಿದ ಅನುಮತಿಗಳನ್ನು ಪಡೆದು, ಆ ಕುಟುಂಬದೊಡನೆ ನ್ಯಾಯವಾದ ಬೆಲೆಗೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯ. ಪಾಠಶಾಲೆಯೂ ಉಳಿಯುತ್ತದೆ, ಋಣವೂ ತೀರುತ್ತದೆ.

ಒಡೆಯರು ಯಾರೆಂದೇ ತಿಳಿಯದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು 1274ರಲ್ಲಿ ತೀರಿಕೊಂಡ ಥಾಮಸ್ ಅಕ್ವಿನಾಸ್‌ನು ಎತ್ತಿಕೊಂಡಿದ್ದಾನೆ. ಶ್ರದ್ಧೆಯಿಂದ ಹುಡುಕಬೇಕು, ಸಿಗದಿದ್ದರೆ ಆ ಒಡೆಯನ ಶ್ರೇಯಸ್ಸಿಗಾಗಿ ಬಡವರಿಗೆ ಕೊಡಬೇಕು ಎಂಬುದು ಅವನ ಉತ್ತರದ ತಾತ್ಪರ್ಯ. ಇದನ್ನು ಶ್ರಾವಕನೂ ಒಪ್ಪಬಹುದು. ಆದರೆ ಅದು ಮರಳಿಕೆಯೇ ಹೊರತು ದಾನವಲ್ಲ. ಅದಕ್ಕೆ ದಾನಿಯ ಹೆಸರಿನ ಶಿಲಾಫಲಕ ಸಲ್ಲದು.

ಕನ್ನಡನಾಡಿನ ಬಸದಿಗಳ ದಾನಶಾಸನಗಳ ಕೊನೆಯಲ್ಲಿ, ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ, ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪಾಶಯವನ್ನು ಕೆತ್ತಿಸುವ ವಾಡಿಕೆಯಿತ್ತು. ಕೆತ್ತಿಸಿದವರು ಹನ್ನೆರಡು ವರ್ಷ ಅಥವಾ ಮೂವತ್ತು ವರ್ಷ ಕಳೆದರೆ ಶಾಪವು ಅನ್ವಯಿಸದೆಂದು ಬರೆಯಿಸಲಿಲ್ಲ. ಆ ಶಿಲೆಗಳನ್ನು ಇಂದು ಪ್ರೀತಿಯಿಂದ ಕಾಪಾಡುತ್ತಿರುವವರು ಅವುಗಳ ಮಾತು ಅನ್ಯರಿಗೆ ಮಾತ್ರ ಎಂದು ತಿಳಿಯಬಾರದು.

ಜಸ್ಟಿನಿಯನ್‌ನ ಸಂಹಿತೆ ಯುರೋಪಿಗೆ ಕಾನೂನಿನ ಭಾಷೆಯನ್ನು ಕಲಿಸಿತು. ಆ ಭಾಷೆಯಲ್ಲಿ ಅಂತಃಸಾಕ್ಷಿಗೂ ಒಂದು ಸ್ಥಾನವಿರಬೇಕೆಂದು ತೋರಿಸಲು ಮತ್ತೆ ಏಳುನೂರು ವರ್ಷ ಹಿಡಿಯಿತು. ಶ್ರಾವಕನಿಗೆ ಆ ಸ್ಥಾನವು ವ್ರತ ಸ್ವೀಕರಿಸಿದ ದಿನವೇ ಸಿದ್ಧವಾಗಿದೆ. ಪ್ರತಿಕ್ರಮಣಕ್ಕೆ ಕುಳಿತಾಗ ಮಾಡಿದ ದೋಷಗಳನ್ನು ನೆನೆಯುವುದರೊಂದಿಗೆ, ವಶದಲ್ಲಿಟ್ಟುಕೊಂಡಿರುವ ವಸ್ತುಗಳನ್ನೂ ಒಂದೊಂದಾಗಿ ನೆನೆಯುವುದು ಒಳಿತು. ಅವುಗಳಲ್ಲಿ ಯಾವುದಾದರೊಂದರ ಮುಂದೆ ಮನಸ್ಸು ತಡೆದು ನಿಂತರೆ, ಅದು ಎಷ್ಟು ವರ್ಷಗಳಿಂದ ಮನೆಯಲ್ಲಿದೆ ಎಂದು ಲೆಕ್ಕ ಹಾಕುವುದಕ್ಕೆ ಮೊದಲು, ಅದು ಯಾರದೆಂದು ವಿಚಾರಿಸಬೇಕು.